ಥಾಯ್ ಊಟಕ್ಕೆ ಕೂರುವ ಮುನ್ನ

ಬೆಂಗಳೂರಿನಲ್ಲಿರುವ ಮಕ್ಕಳನ್ನು ನೋಡಲು ಬೆಲ್ಲದ ಬಾಗೇವಾಡಿಯಿಂದ ಹೋದವರನ್ನು, ಮಕ್ಕಳು ಎಂ.ಜಿ. ರಸ್ತೆ, ಇಂದಿರಾನಗರದ ಕಡೆ ಖರೀದಿ ಮುಗಿಸಿ ಥಾಯ್ ಹೋಟೆಲಿಗೂ ಕರೆಯಬಹುದು. ಸಂಕೋಚಪಡದೆ ಹೋಗಿ. ತೆಂಗಿನಹಾಲು, ಶೇಂಗಾ, ಹುಣಸೆ, ತಾಳೆಬೆಲ್ಲ, ಮೆಣಸಿನಕಾಯಿ ನಮ್ಮ ನಾಲಿಗೆಗೆ ಹೊಸವಲ್ಲ.

ಸಸ್ಯಾಹಾರಿಗಳು ಮಾತ್ರ ಎಚ್ಚರವಹಿಸಿ. ತರಕಾರಿ ಖಾದ್ಯದಲ್ಲೂ 'ನಾಮ್ ಪ್ಲಾ' ಎಂಬ ಮೀನಿನ ಸಾಸ್ ಇರಬಹುದು. ಹಸಿರು, ಕೆಂಪು ಕರಿಗಳ ಮಸಾಲೆಗೆ ಸಿಗಡಿ ಪೇಸ್ಟ್ ಸೇರಿಸುವುದು ಅಲ್ಲಿಯ ವಾಡಿಕೆ. ಪಪ್ಪಾಯಿ ಕಾಯಿಯ 'ಸೋಮ್ ತಾಮ್'ಗೆ ಒಣ ಸಿಗಡಿ, 'ಪ್ಯಾಡ್ ಥಾಯ್' ನೂಡಲ್ಸ್‌ಗೆ ಮೊಟ್ಟೆ ಹಾಕುತ್ತಾರೆ. ಆದ್ದರಿಂದ 'ವೆಜ್' ಎಂದಷ್ಟೇ ಹೇಳಬೇಡಿ. ಮೀನಿನ ಸಾಸ್, ಸಿಗಡಿ, ಮೊಟ್ಟೆ ಯಾವುದೂ ಬೇಡವೆಂದು ಬಿಡಿಸಿ ಹೇಳಿ. ಶೇಂಗಾ ಒಗ್ಗದವರೂ ಮೊದಲೇ ತಿಳಿಸಿ.

ಸೂಪಿನಲ್ಲಿ ತೇಲುವ ಮಜ್ಜಿಗೆಹುಲ್ಲು, ಶುಂಠಿಜಾತಿಯ ಗಡ್ಡೆ, ನಿಂಬೆಜಾತಿಯ ಎಲೆ ಪರಿಮಳಕ್ಕಷ್ಟೇ; ಅವನ್ನು ಬದಿಗಿಡಿ. ಹಸಿರು ಕರಿ ನೋಡಲು ತಂಪು, ಖಾರ ಜೋರು. ಒಬ್ಬರಿಗೊಂದು ತಟ್ಟೆ ತರಿಸುವ ಬದಲು ಎರಡು ಮೂರು ಬಗೆ ತರಿಸಿ, ಅನ್ನದ ಜೊತೆ ಎಲ್ಲರೂ ಹಂಚಿಕೊಳ್ಳಿ. ಥಾಯ್ ಜನರ ಪದ್ಧತಿಯೂ ಅದೇ. ಅವರು ಅನ್ನ ಉಣ್ಣುವುದು ಚಮಚದಲ್ಲಿ, ಕಡ್ಡಿಗಳಲ್ಲಿ ಅಲ್ಲ.

ಬಿಲ್ಲನ್ನು ಓದಿಯೇ ಹಣ ಕೊಡಿ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಬೇಡವಾದರೆ ತೆಗೆಸಿ. ಕೇಳಿ ತಿನ್ನುವುದು ಅವಮಾನವಲ್ಲ, ಕೇಳದೆ ತಿಂದು ಆಮೇಲೆ ನೊಂದುಕೊಳ್ಳಬೇಡಿ.