ಮುಂದಿನ ಪುಸ್ತಕ ಯಾವುದೆಂದು ಕೇಳಿದ ಮಗಳಿಗೆ

ಪ್ರೀತಿಯ ಮಗಳೇ,

ಪೆರ್ಡೂರಿನ ನಿಮ್ಮ ಓದುವ ಬಳಗಕ್ಕೆ ಮಳೆಗಾಲದ ಪುಸ್ತಕ ಆರಿಸುವ ಹೊಣೆ ಈ ಸಲ ನಿನ್ನದು ಎಂದು ಬರೆದಿದ್ದೀಯ. ಸದಸ್ಯರು ಹೇಳಿದ ಹೆಸರುಗಳ ಪಟ್ಟಿಯನ್ನೂ ಕಳಿಸಿ, ‘ಯಾರಿಗೂ ಬೇಸರವಾಗದ ಪುಸ್ತಕ ಒಂದನ್ನು ಹೇಳಿ ದೊಡ್ಡಮ್ಮ’ ಎಂದಿದ್ದೀಯ. ನನ್ನ ಮೊದಲ ಮಾತು ಅದರ ಬಗ್ಗೆಯೇ. ಅಂಥ ಪುಸ್ತಕವನ್ನು ಹುಡುಕಬೇಡ. ಅದನ್ನು ಅವರವರು ಮನೆಯಲ್ಲೇ ಓದಿಕೊಳ್ಳಬಹುದು. ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಅಷ್ಟು ಜನ ಬಂದು ಸೇರುವುದು ‘ಚೆನ್ನಾಗಿತ್ತು’ ಎಂದು ಹೇಳಿ ಚಹಾ ಕುಡಿದು ಏಳಲಿಕ್ಕೆ ಅಲ್ಲ.

ಆರಿಸುವ ಕ್ರಮ ನಿನ್ನ ಊರಿಗೆ ಹೊಸತೇನೂ ಅಲ್ಲ. ಬೇಸಿಗೆ ಮುಗಿಯುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಲೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಎದುರುಬದುರು ಕೂತ ಅರ್ಥಧಾರಿಗಳ ಮಾತು, ಅಷ್ಟೇ. ಅಲ್ಲಿ ಪ್ರಸಂಗ ನಿಶ್ಚಯಿಸುವವರು ನೋಡುವುದು ಎರಡೂ ಕಡೆಯವರಿಗೆ ಆಡಲು ಮಾತಿದೆಯೇ ಎಂದು. ಕೃಷ್ಣ ಸಂಧಾನ, ಕರ್ಣಪರ್ವ, ಭೀಷ್ಮ ವಿಜಯ, ವಾಲಿವಧೆ ಇವೆಲ್ಲ ತಲೆಮಾರುಗಳಿಂದ ಸವೆಯದೆ ಉಳಿದದ್ದು ಅದರಿಂದಲೇ. ಬಾಣ ತಾಗಿ ಬಿದ್ದ ವಾಲಿ ‘ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ’ ಎಂದು ಕೇಳುವಾಗ ರಾಮಭಕ್ತರೇ ತುಂಬಿದ ಸಭೆಯೂ ತಲೆದೂಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ನಿನ್ನ ಸುತ್ತಮುತ್ತ ಇನ್ನೂ ಇದ್ದಾರೆ. ಅವರನ್ನು ಮಾತಾಡಿಸಿ ನೋಡು. ಗೆದ್ದವರು ಯಾರು ಎಂಬುದನ್ನು ಅವರು ಹೇಳುವುದಿಲ್ಲ, ಯಾರು ಏನು ಹೇಳಿದರು ಎಂಬುದನ್ನು ಹೇಳುತ್ತಾರೆ.

ಈಗ ನಿನ್ನ ಪಟ್ಟಿಯನ್ನು ಹಾಗೆ ನೋಡು. ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ ನನಗೆ ಬಹಳ ಮೆಚ್ಚಿನದು, 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಅದಕ್ಕೆ ಬಂತು. ಆದರೆ ಅದು ಸಾವಿರಕ್ಕೂ ಹೆಚ್ಚು ಪುಟ. ಗೇರುಬೀಜದ ಕಾರ್ಖಾನೆಗೆ ಹೋಗಿ ಬರುವವರು, ಬೀಡಿ ಕಟ್ಟುವವರು ನಿಮ್ಮಲ್ಲಿದ್ದಾರೆ. ಒಂದು ತಿಂಗಳಲ್ಲಿ ಮುಗಿಸಲಾಗದೆ, ಓದಿಲ್ಲವೆಂಬ ನಾಚಿಕೆಯಿಂದ ಅವರೇ ಮೊದಲು ಬರುವುದನ್ನು ನಿಲ್ಲಿಸುತ್ತಾರೆ. ಅದನ್ನು ಬೇಸಿಗೆಗೆ ಇಡಿ, ಭಾಗ ಮಾಡಿ ಓದಿ.

ನಂದಳಿಕೆಯ ಮುದ್ದಣ ನಮ್ಮವನು ಎಂಬ ಅಭಿಮಾನ ಸರಿಯಾದದ್ದೇ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು, 1901ರಲ್ಲಿ ಮೂವತ್ತು ದಾಟಿದ ಹರೆಯದಲ್ಲೇ ತೀರಿಕೊಂಡವನು ‘ಶ್ರೀರಾಮಾಶ್ವಮೇಧ’ದಂಥ ಕೃತಿ ಬಿಟ್ಟುಹೋದದ್ದು ನನಗೆ ಇಂದಿಗೂ ಬೆರಗು. ಆದರೆ ಆ ಹಳಗನ್ನಡ ಮನೆಗೆ ಕೊಟ್ಟು ಓದಿಸುವಂಥದ್ದಲ್ಲ. ಒಂದು ಸಂಜೆ ಮುದ್ದಣ ಮನೋರಮೆಯರ ಸಂವಾದವನ್ನು ಇಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಬಾನು ಮುಷ್ತಾಕ್ ಅವರ ಕತೆಗಳ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದ ಸುದ್ದಿಯಿಂದ ಆ ಹೆಸರು ಪಟ್ಟಿಯ ತಲೆಗೆ ಬಂದಿದೆ. ಬಿಡಿ ಕತೆ ಒಳ್ಳೆಯದೇ, ಓದದೆ ಬಂದವರೂ ಅಲ್ಲೇ ಓದಿ ಸೇರಿಕೊಳ್ಳಬಹುದು. ಪ್ರಶಸ್ತಿಯ ಮಾತು ಸ್ವಲ್ಪ ತಣ್ಣಗಾದ ಮೇಲೆ ಓದಿದರೆ ಕತೆಯ ಬಗ್ಗೆಯೇ ಮಾತಾಡುತ್ತೀರಿ.

ಶಿವರಾಮ ಕಾರಂತರ ‘ಚೋಮನ ದುಡಿ’ಯ ವಿಷಯಕ್ಕೆ ನಾನು ಹೆಚ್ಚು ಹೊತ್ತು ನಿಂತೆ. 1933ರ ಪುಸ್ತಕ, ಸಣ್ಣದು, ಎರಡು ಕಡೆಯ ಮಾತಿಗೂ ಜಾಗವಿರುವುದು. ದಲಿತ ಆಳು ಚೋಮನಿಗೆ ಗದ್ದೆ ಕೊಡುವ ಮನಸ್ಸು ಧಣಿ ಸಂಕಪ್ಪಯ್ಯನಿಗೆ ಇದೆ, ಅವನ ತಾಯಿ ಬಿಡುವುದಿಲ್ಲ. ಒಳ್ಳೆಯವನಾಗಿದ್ದೂ ಕೊಡದೆ ಹೋದವನ ಪಾಲಿನ ಹೊಣೆ ಎಷ್ಟು? ಈ ಒಂದು ಪ್ರಶ್ನೆಯೇ ಒಂದು ಸಂಜೆಗೆ ಸಾಕು. ಆದರೂ ನನಗೊಂದು ಭಯ. 1975ರ ಸಿನಿಮಾ ನೋಡಿದವರು, ಪಾಠದಲ್ಲಿ ಕೇಳಿದವರು, ‘ಅಯ್ಯೋ ಪಾಪ, ಈಗ ಹಾಗಿಲ್ಲ ಬಿಡಿ’ ಎಂದು ಮಾತು ಮುಗಿಸಿಬಿಟ್ಟಾರು. ಆಗ ಎಲ್ಲರ ಕಣ್ಣೂ ಬಳಗದ ದಲಿತ ಸದಸ್ಯರ ಕಡೆಗೆ ಹೊರಳುತ್ತದೆ, ‘ನೀವು ಹೇಳಿ’ ಎಂದು. ಯಾರನ್ನೂ ಹಾಗೆ ಸಾಕ್ಷಿಕಟ್ಟೆಗೆ ಹತ್ತಿಸಬೇಡಿ. ಅವರು ಬಂದದ್ದೂ ಓದುಗರಾಗಿಯೇ. ಬಳಗ ಇನ್ನೂ ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಖಂಡಿತ ಓದಿ.

ಈ ಮಳೆಗಾಲಕ್ಕೆ ನಾನು ಹೇಳುವುದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿ 2023ರ ಜನವರಿಯಲ್ಲಿ ತೀರಿಕೊಂಡ ಅವರ ಈ ಕಾದಂಬರಿ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾಲ್ಕು ಸಂಜೆಯಲ್ಲಿ ಓದಿ ಮುಗಿಸಬಹುದು. ನಿಮ್ಮ ಬಳಗದಲ್ಲಿರುವ, ಕನ್ನಡ ಓದಲು ಬಾರದ ಮಣಿಪಾಲದ ಹುಡುಗಿಗೆ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ ಇದೆ. ಅಪ್ಪನ ಹಟದಿಂದ ತಲಾಖ್ ಆಗಿ ಗಂಡನಿಂದ ದೂರವಾದ ನಾದಿರಾ ಮತ್ತೆ ಅವನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು ಎಂಬ ಕಟ್ಟಳೆ ಎದುರು ನಿಲ್ಲುತ್ತದೆ. ಕೊನೆಯನ್ನು ನಾನು ಹೇಳುವುದಿಲ್ಲ.

ಒಂದು ಎಚ್ಚರ ಇಟ್ಟುಕೊ. ‘ಅವರಲ್ಲಿ ಹೀಗೆ’ ಎಂದು ಯಾರಾದರೂ ಶುರು ಮಾಡಿದರೆ, ಮಗಳು ತವರಿಗೆ ಬಂದು ಕೂತಾಗ ತಮ್ಮ ಮನೆಯಲ್ಲಿ ತೀರ್ಮಾನ ಯಾರು ಮಾಡುತ್ತಾರೆ ಎಂದು ಕೇಳು. ಗಂಡನ ಎದುರು ಮಾತು ಬಾರದ, ನಾದಿರಾಳ ತಾಯಿ ಫಾತಿಮ್ಮನಂಥವರು ಯಾವ ಜಾತಿಯಲ್ಲಿ ಇಲ್ಲ? ಇಂಥ ಮಾತು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಬಂದರೆ ಬರಲಿ. ಪುಸ್ತಕ ಕನ್ನಡದ್ದೆಂದು ಮಾತನ್ನೂ ಕನ್ನಡಕ್ಕೆ ಕಟ್ಟಿಹಾಕಿದರೆ ಅರ್ಧ ಜನ ಬಾಯಿ ಬಿಡುವುದಿಲ್ಲ.

ಪ್ರತಿಗಳ ವಿಷಯ. ಪಂಚಾಯತಿನ ಅರಿವು ಕೇಂದ್ರದಲ್ಲಿ ಕೇಳು, ಇಲ್ಲದಿದ್ದರೆ ತರಿಸಲು ಬರೆದು ಕೊಡು. ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ, ಕೇಳಲು ಸಂಕೋಚ ಬೇಡ. ಐದಾರು ಪ್ರತಿ ಸಿಕ್ಕಿದರೂ ಕೈಯಿಂದ ಕೈಗೆ ಸಾಗಿಸಬಹುದು. ಕೈ ಎತ್ತಿಸಿ ಮತ ಹಾಕಿಸಬೇಡ. ಹೆಸರು ಸೂಚಿಸಿದವರು ಪುಸ್ತಕವನ್ನು ಪೂರ್ತಿ ಓದಿರಬೇಕು, ಏಕೆ ಎಂದು ಹತ್ತು ನಿಮಿಷ ಹೇಳಬೇಕು ಎಂಬ ಒಂದು ನಿಯಮ ಇಟ್ಟರೆ ನಿನ್ನ ಉದ್ದದ ಪಟ್ಟಿ ತಾನಾಗಿ ಸಣ್ಣದಾಗುತ್ತದೆ.

ಸಭೆಯ ದಿನಕ್ಕೆ ತಾಳಮದ್ದಲೆಯಂತೆ ಪಾತ್ರಗಳನ್ನು ಮೊದಲೇ ಹಂಚಿಬಿಡು. ನಾದಿರಾಳ ಕಡೆ ಮಾತಾಡಲು ಎಲ್ಲರೂ ಮುಂದೆ ಬರುತ್ತಾರೆ. ಅಪ್ಪ ಮಹಮ್ಮದ್ ಖಾನನ ಕಡೆ ಯಾರೂ ಬರುವುದಿಲ್ಲ. ಅವನನ್ನು ಸಮರ್ಥಿಸಬೇಕೆಂದಿಲ್ಲ, ತಾನು ಮಾಡಿದ್ದು ಸರಿ ಎಂದು ಅವನಿಗೆ ಹೇಗೆ ಅನ್ನಿಸಿತು ಎಂಬುದನ್ನು ಅವನೊಳಗೆ ಕೂತು ಹೇಳಬೇಕು. ಪುಸ್ತಕ ಓದಿ ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಾಗುವವಳು ನೀನೇ ಎಂದು ನನಗೆ ಗೊತ್ತು. ಆ ಪಾತ್ರವನ್ನು ನೀನು ವಹಿಸಿಕೊ.

ನಿನ್ನ
ದೊಡ್ಡಮ್ಮ