ಅಪರಿಚಿತ ದೇಶದಲ್ಲಿ ವ್ಯಾಪಾರಿಯ ಸುರಕ್ಷತೆ

ವ್ಯಾಪಾರದ ನಿಮಿತ್ತ ವಿದೇಶಕ್ಕೆ ತೆರಳುವುದು ಒಂದು ಕಾಲದಲ್ಲಿ ಮಹಾನಗರಗಳ ದೊಡ್ಡ ಉದ್ಯಮಿಗಳಿಗೆ ಮಾತ್ರ ಸಾಧ್ಯವಿದ್ದ ಸಂಗತಿಯಾಗಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ತುಮಕೂರು ಬಳಿಯ ವಸಂತನರಸಾಪುರದಲ್ಲಿ ಹತ್ತು ಮಂದಿಗೆ ಕೆಲಸ ನೀಡಿರುವ ಸಣ್ಣ ತಯಾರಕರೂ ಯಂತ್ರ ನೋಡಲು ಚೀನಾದ ಗುವಾಂಗ್‌ಝೌ ನಗರದ ಮೇಳಕ್ಕೆ ಹೋಗಿಬರಬಹುದು. 1957ರಿಂದ ನಡೆಯುತ್ತಿರುವ ಆ ಮೇಳ ವರ್ಷಕ್ಕೆ ಎರಡು ಬಾರಿ ಏರ್ಪಡುತ್ತದೆ. ಗುಬ್ಬಿಯ ತೆಂಗಿನ ಉತ್ಪನ್ನಗಳ ವ್ಯಾಪಾರಿ ದುಬೈಯಲ್ಲಿ ಖರೀದಿದಾರರನ್ನು ಅರಸಬಹುದು; ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯದ ಘಟಕವೊಂದು ಬಿಡಿಭಾಗಗಳ ಮಾದರಿಯೊಡನೆ ಪೂರ್ವ ಆಫ್ರಿಕಾಕ್ಕೆ ತನ್ನ ಪ್ರತಿನಿಧಿಯನ್ನು ಕಳುಹಿಸಬಹುದು.

ಪ್ರಯಾಣದ ಸುರಕ್ಷತೆ ಎಂದೊಡನೆ ಜೇಬುಗಳ್ಳರು, ಹೆಚ್ಚು ಬಾಡಿಗೆ ಕೇಳುವ ಟ್ಯಾಕ್ಸಿಯವರು, ಕಳೆದುಹೋದ ಪೆಟ್ಟಿಗೆ ಇವೇ ನೆನಪಿಗೆ ಬರುತ್ತವೆ. ಇವು ನಷ್ಟ ತರುತ್ತವೆ, ನಿಜ. ಆದರೆ ವ್ಯಾಪಾರಿಯನ್ನು ಪರದೇಶದಲ್ಲಿ ಕಟ್ಟಿಹಾಕುವ ಅಪಾಯಗಳು ಬೇರೆಯೇ ಇವೆ. ತೀರದ ಬಾಕಿ, ಉದ್ದೇಶಕ್ಕೆ ಹೊಂದದ ವೀಸಾ, ಓದಲಾಗದ ಭಾಷೆಯ ಪತ್ರಕ್ಕೆ ಹಾಕಿದ ಸಹಿ, ಮನೆಯವರಿಗೆ ತಿಳಿಸದ ವಿಳಾಸ ಇವು ಅಂತಹ ಅಪಾಯಗಳು. ಇವುಗಳಲ್ಲಿ ಬಹುಪಾಲನ್ನು ಊರು ಬಿಡುವ ಮುನ್ನವೇ ನಿವಾರಿಸಿಕೊಳ್ಳಲು ಸಾಧ್ಯ. ಎರಡು ನೈಜ ಘಟನೆಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಯಿವು ಕಲಿಸಿದ ಪಾಠ

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಯಿವು ನಗರ ಸಣ್ಣ ಸರಕುಗಳ ಸಗಟು ಮಾರುಕಟ್ಟೆಗೆ ಜಗತ್ಪ್ರಸಿದ್ಧವಾಗಿದೆ. 2011ರ ಡಿಸೆಂಬರಿನಲ್ಲಿ ಅಲ್ಲಿ ಒಂದು ವ್ಯಾಪಾರ ಸಂಸ್ಥೆಯ ಮಾಲೀಕ ಸ್ಥಳೀಯ ಪೂರೈಕೆದಾರರಿಗೆ ಹಣ ಕೊಡದೆ ಪರಾರಿಯಾದ. ಆ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಇಬ್ಬರು ಭಾರತೀಯರನ್ನು ಪೂರೈಕೆದಾರರು ಬಾಕಿಗಾಗಿ ಹಿಡಿದಿಟ್ಟುಕೊಂಡರು. ಅವರ ನೆರವಿಗೆಂದು ನ್ಯಾಯಾಲಯಕ್ಕೆ ಹೋಗಿದ್ದ ಭಾರತದ ರಾಜತಾಂತ್ರಿಕ ಅಧಿಕಾರಿಯೊಬ್ಬರು ಮಧುಮೇಹಿಯಾಗಿದ್ದು, ಅಲ್ಲಿಯೇ ಕುಸಿದು ಬಿದ್ದರು. ಬೀಜಿಂಗಿನ ಭಾರತೀಯ ರಾಯಭಾರ ಕಚೇರಿಯು 2012ರ ಜನವರಿಯಲ್ಲಿ, ಯಿವು ನಗರದೊಡನೆ ವ್ಯವಹರಿಸದಂತೆ ಭಾರತೀಯ ವ್ಯಾಪಾರಿಗಳಿಗೆ ಎಚ್ಚರಿಕೆ ನೀಡಿತು. ಪೂರೈಕೆದಾರರ ಕೈಯಿಂದ ಬಿಡುಗಡೆಯಾದ ಮೇಲೂ ಆ ಇಬ್ಬರು ಒಡನೆಯೇ ಸ್ವದೇಶಕ್ಕೆ ಮರಳಲಾಗಲಿಲ್ಲ. ನ್ಯಾಯಾಲಯದ ಪ್ರಕರಣ ಅವರನ್ನು ಅಲ್ಲಿಯೇ ತಡೆಯಿತು.

ಇಲ್ಲಿ ಗಮನಿಸಬೇಕಾದುದು, ಸಾಲ ಮಾಡಿದವನು ಒಬ್ಬ, ಸಿಕ್ಕಿಬಿದ್ದವರು ಬೇರೆಯವರು ಎಂಬುದು. ಮಾಲೀಕ ಸಿಗದಿದ್ದಾಗ ಸಾಲ ಕೊಟ್ಟವರು ಎದುರಿಗಿದ್ದ ಪ್ರತಿನಿಧಿಯನ್ನೇ ಹಿಡಿದರು. ಕಾನೂನಿನ ಮಾರ್ಗದಲ್ಲಿಯೂ ತಡೆ ಸಾಧ್ಯವೇ. 2013ರ ಜುಲೈ 1ರಂದು ಜಾರಿಗೆ ಬಂದ ಚೀನಾದ ಆಗಮನ-ನಿರ್ಗಮನ ಕಾನೂನಿನ ಪ್ರಕಾರ, ಇತ್ಯರ್ಥವಾಗದ ಸಿವಿಲ್ ಪ್ರಕರಣದಲ್ಲಿ ಸೇರಿರುವ ವಿದೇಶಿಯರು ದೇಶ ಬಿಡದಂತೆ ನ್ಯಾಯಾಲಯ ತಡೆಯಬಹುದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಖಾತೆಯಲ್ಲಿ ಹಣವಿಲ್ಲದೆ ಚೆಕ್ ಮರಳುವುದು 2022ರ ಜನವರಿ 2ರಿಂದ ಬಹುಮಟ್ಟಿಗೆ ಸಿವಿಲ್ ವಿಷಯವಾಗಿದ್ದರೂ, ವಂಚನೆಯ ಪ್ರಕರಣಗಳಲ್ಲಿ ಶಿಕ್ಷೆ ಉಳಿದುಕೊಂಡಿದೆ; ಸಾಲದ ದಾವೆಯಲ್ಲಿ ಪ್ರಯಾಣಕ್ಕೆ ನಿಷೇಧವನ್ನೂ ಹೇರಬಹುದು. ಆದುದರಿಂದ ಕಳೆದ ಸರಕಿನ ಲೆಕ್ಕ ತೀರದೆ, ಗುಣಮಟ್ಟದ ತಕರಾರು ಬಗೆಹರಿಯದೆ, ಅದೇ ಪೂರೈಕೆದಾರರ ಊರಿಗೆ ಹೋಗುವುದು ಅಥವಾ ನೌಕರನನ್ನು ಕಳುಹಿಸುವುದು ಜಾಣತನವಲ್ಲ. ಮೊದಲು ಪತ್ರ ಮುಖೇನ ಲೆಕ್ಕವನ್ನು ಇತ್ಯರ್ಥಗೊಳಿಸಿ, ಅನಂತರ ಪ್ರಯಾಣಿಸುವುದು ಲೇಸು.

ಸುಡಾನ್ ಕಲಿಸಿದ ಪಾಠ

ಎರಡನೆಯ ಘಟನೆ ನಮ್ಮ ರಾಜ್ಯಕ್ಕೇ ಸಂಬಂಧಿಸಿದ್ದು. ಗಿಡಮೂಲಿಕೆಯ ಔಷಧಿ, ತೈಲಗಳ ಮಾರಾಟಕ್ಕೆ ಆಫ್ರಿಕಾದ ದೇಶಗಳಿಗೆ ಹೋಗುವ ರೂಢಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರಲ್ಲಿದೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಹಾಗೂ ಅರೆಸೇನಾ ಪಡೆಯ ನಡುವೆ ಕದನ ಆರಂಭವಾದಾಗ, ಹುಣಸೂರು, ಶಿವಮೊಗ್ಗ, ಚನ್ನಗಿರಿ ಭಾಗದ ಈ ವ್ಯಾಪಾರಿಗಳು ದಾರ್ಫುರ್ ಪ್ರದೇಶದ ಎಲ್ ಫಾಷರ್ ನಗರದಲ್ಲಿ ಆಹಾರ, ನೀರಿಗೂ ಪರದಾಡುವಂತಾಯಿತು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ಯನ್ನು ಕೈಗೊಂಡು, ಕೆಂಪು ಸಮುದ್ರದ ತೀರದ ಪೋರ್ಟ್ ಸುಡಾನಿನಿಂದ ಹಡಗು ಹಾಗೂ ವಿಮಾನಗಳಲ್ಲಿ ಜನರನ್ನು ಸೌದಿ ಅರೇಬಿಯಾದ ಜೆಡ್ಡಾಕ್ಕೆ ತಲುಪಿಸಿ, ಅಲ್ಲಿಂದ ಸ್ವದೇಶಕ್ಕೆ ಕರೆತಂದಿತು. ಒಟ್ಟು 3,862 ಜನರು ಹೀಗೆ ಪಾರಾದರು.

ಯುದ್ಧವನ್ನು ಯಾವ ವ್ಯಾಪಾರಿಯೂ ಮುಂಗಾಣಲಾರ. ಆದರೆ ಇಂತಹ ಸಂದರ್ಭದಲ್ಲಿ ನೆರವು ಬೇಗ ತಲುಪಬೇಕಾದರೆ, ಯಾರು, ಎಲ್ಲಿ, ಎಷ್ಟು ಮಂದಿ ಇದ್ದಾರೆಂಬುದು ರಾಯಭಾರ ಕಚೇರಿಗೂ ಮನೆಯವರಿಗೂ ತಿಳಿದಿರಬೇಕು. ಇನ್ನೊಂದು ಅಂಶವೂ ಗಮನಾರ್ಹ. ಮರಳಿದವರಲ್ಲಿ ಹಳದಿ ಜ್ವರದ ಲಸಿಕೆ ಪಡೆಯದವರನ್ನು ಭಾರತಕ್ಕೆ ಬಂದಿಳಿದ ಮೇಲೆ ಪ್ರತ್ಯೇಕವಾಗಿ ಇರಿಸಲಾಯಿತು. ಆರಂಭದಲ್ಲಿ ಬಂದ 1,191 ಪ್ರಯಾಣಿಕರ ಪೈಕಿ ಅಂತಹವರ ಸಂಖ್ಯೆ 117. ಗುಂಡಿನ ಸದ್ದಿನಿಂದ ಪಾರಾಗಿ ಬಂದವರೂ ಒಂದು ಪ್ರಮಾಣಪತ್ರದ ಕೊರತೆಯಿಂದ ಮನೆ ಸೇರಲು ಕಾಯಬೇಕಾಯಿತು.

ಹೊರಡುವ ಮುನ್ನ

ಪಾಸ್‌ಪೋರ್ಟ್ ಮತ್ತು ವೀಸಾ: ಹಲವು ದೇಶಗಳು ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕೆಂದು ವಿಧಿಸುತ್ತವೆ. ವೀಸಾ ಉದ್ದೇಶಕ್ಕೆ ತಕ್ಕುದಾಗಿರಬೇಕು. ಪ್ರವಾಸಿ ವೀಸಾ ಸುಲಭವಾಗಿ ಸಿಗುವುದೆಂದು ಅದರಲ್ಲಿ ಹೋಗಿ ಯಂತ್ರ ಜೋಡಿಸುವ ಅಥವಾ ಸರಕು ಮಾರುವ ಕೆಲಸ ಮಾಡಿದರೆ, ಅದೇ ಅಪರಾಧವಾಗಿ ಬಂಧನಕ್ಕೆ ಕಾರಣವಾಗಬಹುದು. ಚೀನಾದಲ್ಲಿ ವ್ಯಾಪಾರಕ್ಕೆ ‘ಎಂ’ ವರ್ಗದ ವೀಸಾ ಇದೆ.

ಲಸಿಕೆ: ಹಳದಿ ಜ್ವರವಿರುವ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ದೇಶಗಳಿಗೆ ಹೋಗುವವರು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಅಧಿಕೃತ ಕೇಂದ್ರದಲ್ಲಿ ಲಸಿಕೆ ಪಡೆಯಬೇಕು. 2016ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ಮಾನ್ಯವಾಗಿದೆ.

ಹಣ: ರಿಸರ್ವ್ ಬ್ಯಾಂಕಿನ ನಿಯಮದಂತೆ ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಮಾತ್ರ ನಗದಾಗಿ ಒಯ್ಯಬಹುದು; ಉಳಿದುದನ್ನು ಕಾರ್ಡು ಮೊದಲಾದ ರೂಪದಲ್ಲಿ ಒಯ್ಯಬೇಕು. ನಗದನ್ನು ಒಂದೇ ಕಡೆ ಇಡದೆ ಎರಡು ಮೂರು ಕಡೆ ಹಂಚಿಡುವುದು ಉಚಿತ. ಸರಕಿನ ಮೌಲ್ಯವನ್ನು ಎಂದೂ ಚೀಲದಲ್ಲಿ ಒಯ್ಯದೆ ಬ್ಯಾಂಕಿನ ಮೂಲಕವೇ ಪಾವತಿಸಬೇಕು.

ಸಾಮಾನು: ನಮ್ಮ ಅಡಿಗೆಮನೆಯ ನಿತ್ಯದ ವಸ್ತುಗಳೂ ಪರದೇಶದಲ್ಲಿ ನಿಷಿದ್ಧವಾಗಿರಬಹುದು. ಗಸಗಸೆಯನ್ನು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮಾದಕ ವಸ್ತುಗಳ ಸಾಲಿನಲ್ಲಿ ಪರಿಗಣಿಸುತ್ತಾರೆ. ಅಲ್ಲಿ ವೀಳ್ಯದೆಲೆಗೂ ಪ್ರವೇಶವಿಲ್ಲ. ಗುಬ್ಬಿ ಸೀಮೆಯವರಿಗೆ ಎಲೆ ಅಡಿಕೆ ಆತಿಥ್ಯದ ಗುರುತಾದರೂ, ದುಬೈಯ ಸುಂಕದ ಕಟ್ಟೆಯಲ್ಲಿ ಅದು ತೊಡಕಿನ ಮೂಲವಾದೀತು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಗಳಿಗೂ ಅಲ್ಲಿ ಮುಂಚಿತವಾಗಿ ಅನುಮತಿ ಅಗತ್ಯ. ಔಷಧಗಳನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಡನೆ ಒಯ್ಯಬೇಕು. ಪರಿಚಿತರು ಕೊಟ್ಟ ಮುಚ್ಚಿದ ಪೊಟ್ಟಣವನ್ನು ಎಷ್ಟೇ ದಾಕ್ಷಿಣ್ಯವಿದ್ದರೂ ಒಯ್ಯಬಾರದು.

ವಿಮೆ: ಆಸ್ಪತ್ರೆಯ ವೆಚ್ಚ ಹಾಗೂ ತುರ್ತಾಗಿ ಸ್ವದೇಶಕ್ಕೆ ಸಾಗಿಸುವ ವೆಚ್ಚ ಎರಡನ್ನೂ ಭರಿಸುವ ಪಾಲಿಸಿಯನ್ನು ಆರಿಸಬೇಕು. ಮೊದಲೇ ಇರುವ ಕಾಯಿಲೆ, ಯುದ್ಧ ಇವು ಸಾಮಾನ್ಯವಾಗಿ ಹೊರಗುಳಿಯುವುದರಿಂದ ಷರತ್ತುಗಳನ್ನು ಓದಿ ಸಹಿ ಮಾಡುವುದು ಅವಶ್ಯಕ.

ಆಹ್ವಾನದ ಪರಿಶೀಲನೆ: ಎಂದೂ ವ್ಯವಹರಿಸದ ಸಂಸ್ಥೆಯೊಂದು ಮಾದರಿಯನ್ನೂ ಕೇಳದೆ, ಬೆಲೆಯನ್ನೂ ಚರ್ಚಿಸದೆ ಭಾರಿ ಆರ್ಡರ್ ನೀಡಿ, ಒಪ್ಪಂದಕ್ಕೆ ಖುದ್ದಾಗಿ ಬರಬೇಕೆಂದು ಒತ್ತಾಯಿಸಿದರೆ ಅನುಮಾನಿಸಲೇಬೇಕು. ಮುಂಗಡ ಶುಲ್ಕದ ಹೆಸರಿನಲ್ಲಿ ನಡೆಯುವ ವಂಚನೆಗೆ ನೈಜೀರಿಯಾದ ದಂಡಸಂಹಿತೆಯ 419ನೆಯ ಕಲಮಿನ ಹೆಸರೇ ಅಂಟಿಕೊಂಡಿದೆ. ಅಂತಹ ಸಂಸ್ಥೆಯ ಅಸ್ತಿತ್ವದ ಬಗ್ಗೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗವನ್ನು ಮೊದಲೇ ವಿಚಾರಿಸಬಹುದು.

ಅಲ್ಲಿರುವಾಗ

ಮೊದಲ ರಾತ್ರಿಯ ವಸತಿ ಹಾಗೂ ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗುವ ವಾಹನವನ್ನು ಮುಂಚೆಯೇ ಗೊತ್ತುಪಡಿಸಿಕೊಂಡಿರಬೇಕು. ವಸತಿಗೃಹದ ವಿಳಾಸವನ್ನು ಸ್ಥಳೀಯ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳುವುದು ಉಪಯುಕ್ತ. ಚೀನಾದಲ್ಲಿ ಹೋಟೆಲಿನ ಬದಲು ಪರಿಚಿತರ ಮನೆಯಲ್ಲಿ ತಂಗಿದರೆ 24 ಗಂಟೆಗಳ ಒಳಗೆ ಪೊಲೀಸರಲ್ಲಿ ನೋಂದಾಯಿಸಬೇಕಾಗುತ್ತದೆ. ಪಾಸ್‌ಪೋರ್ಟನ್ನು ವ್ಯಾಪಾರದ ಯಾವ ಪಕ್ಷಕ್ಕೂ ಒತ್ತೆಯಾಗಿ ಕೊಡಬಾರದು. ಮಾರುವವರು ಒದಗಿಸಿದ ದುಭಾಷಿಯನ್ನೇ ಪೂರ್ಣವಾಗಿ ನೆಚ್ಚದೆ, ಮುಖ್ಯ ಮಾತುಕತೆಗೆ ಸ್ವತಂತ್ರ ದುಭಾಷಿಯನ್ನು ನೇಮಿಸಿಕೊಳ್ಳುವುದು ಸೂಕ್ತ. ಓದಲಾಗದ ಪತ್ರಕ್ಕೆ ಸಹಿ ಮಾಡಲೇಬಾರದು. ಸಂಸ್ಥೆಯ ಪರವಾಗಿ ಮಾಡುವ ಸಹಿ ವೈಯಕ್ತಿಕ ಜಾಮೀನಾಗದಂತೆ ನೋಡಿಕೊಳ್ಳಬೇಕು.

ತೊಂದರೆ ಒದಗಿದಾಗ

ಪಾಸ್‌ಪೋರ್ಟ್ ಕಳೆದರೆ ಸ್ಥಳೀಯ ಪೊಲೀಸರಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಡನೆ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಸ್ವದೇಶಕ್ಕೆ ಮರಳಲು ಅಲ್ಲಿ ತುರ್ತು ಪ್ರಮಾಣಪತ್ರ ದೊರೆಯುತ್ತದೆ. ಬಂಧನಕ್ಕೊಳಗಾದರೆ, ತನ್ನ ದೇಶದ ಕಚೇರಿಗೆ ತಿಳಿಸಬೇಕೆಂದು ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಡಂಬಡಿಕೆಯ 36ನೆಯ ವಿಧಿ ನೀಡುತ್ತದೆ. ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ ‘ಮದದ್’ ಜಾಲತಾಣದಲ್ಲಿ ಮನೆಯವರೂ ದೂರು ಸಲ್ಲಿಸಬಹುದು.

ರಾಯಭಾರ ಕಚೇರಿಯ ಶಕ್ತಿಗೆ ಮಿತಿಯುಂಟು. ಅದು ಬಂಧಿತರನ್ನು ಭೇಟಿಮಾಡಬಹುದು, ವಕೀಲರ ಪಟ್ಟಿ ನೀಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು. ವ್ಯಾಪಾರದ ಬಾಕಿಯನ್ನು ತೀರಿಸಲಾರದು, ಆ ದೇಶದ ನ್ಯಾಯಾಲಯದ ಆಜ್ಞೆಯನ್ನು ಬದಲಿಸಲಾರದು. ಊರಿನಲ್ಲಿ ತೆಗೆದುಕೊಳ್ಳುವ ಎಚ್ಚರಕ್ಕೆ ಇಷ್ಟು ಬೆಲೆ ಇರುವುದು ಈ ಕಾರಣದಿಂದಲೇ.

ಪ್ರಯಾಣಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಹೋಗುತ್ತಿರುವ ಊರಿನಲ್ಲಿ ಸಂಸ್ಥೆಯ ಬಾಕಿ ಅಥವಾ ತಕರಾರು ಏನಾದರೂ ಉಳಿದಿದೆಯೇ?
2. ಮಾಡಲಿರುವ ಕೆಲಸಕ್ಕೆ ಪಡೆದಿರುವ ವೀಸಾ ಸರಿಹೊಂದುತ್ತದೆಯೇ?
3. ಪಾಸ್‌ಪೋರ್ಟ್, ವೀಸಾ, ವಿಮೆ, ಟಿಕೆಟ್‌ಗಳ ಪ್ರತಿ ಮನೆಯಲ್ಲೊಂದು, ಕಚೇರಿಯಲ್ಲೊಂದು ಇದೆಯೇ?
4. ರಾಯಭಾರ ಕಚೇರಿಯ ತುರ್ತು ದೂರವಾಣಿ ಸಂಖ್ಯೆಯನ್ನು ಮೊಬೈಲಿನಲ್ಲಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಲಾಗಿದೆಯೇ?
5. ದಿನಕ್ಕೊಮ್ಮೆ ಮನೆಗೆ ಕರೆಮಾಡುವ ವೇಳೆ ನಿಗದಿಯಾಗಿದೆಯೇ? ಕರೆ ಬಾರದಿದ್ದರೆ ಯಾರನ್ನು ಸಂಪರ್ಕಿಸಬೇಕೆಂದು ಮನೆಯವರಿಗೆ ತಿಳಿದಿದೆಯೇ?

ನೌಕರರನ್ನು ಕಳುಹಿಸುವ ಮಾಲೀಕರಿಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ. ಸಂಸ್ಥೆಯ ಹೆಸರಿನಲ್ಲಿ ಹೋದವರು ಸಂಸ್ಥೆಯ ಬಾಕಿಗೆ ಸಿಕ್ಕಿಬೀಳದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಐದಕ್ಕೂ ಸಮಾಧಾನಕರ ಉತ್ತರ ದೊರೆಯುವವರೆಗೆ ಟಿಕೆಟ್ ಖರೀದಿಯನ್ನು ಮುಂದೂಡುವುದರಿಂದ ಆಗುವ ನಷ್ಟ ಅಲ್ಪ. ಉತ್ತರವಿಲ್ಲದೆ ಹೊರಟರೆ ಆಗಬಹುದಾದ ನಷ್ಟವನ್ನು ಅಳೆಯುವುದು ಕಷ್ಟ.