ಬೀಸುವ ಕಲ್ಲಿನಿಂದ ಬಾನುಲಿಯವರೆಗೆ

ಹಾಡಿಲ್ಲದ ನಾಡಿಲ್ಲ. ಆದರೆ ಒಂದು ಹಾಡು ಜನಪ್ರಿಯವಾಗುವುದು ಹೇಗೆ, ಉಳಿಯುವುದು ಹೇಗೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ನಮ್ಮ ಭಾಗದ ಹಾಡುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೊಂಚ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ತ್ರಿಪದಿ. ಕ್ರಿ. ಶ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಇದು ಕಾಣಿಸುತ್ತದೆ. ಮೂರು ಸಾಲು, ಒಟ್ಟು 11 ಗಣ. ಆರನೆಯದೂ ಹತ್ತನೆಯದೂ ಚಿಕ್ಕವು, ಉಳಿದವು ದೊಡ್ಡವು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಹೋಗುವುದುಂಟು. ಬೀಸುವ ಕಲ್ಲಿಗೆ ಇದಕ್ಕಿಂತ ಒಪ್ಪುವ ಮಟ್ಟು ಬೇರೆ ಯಾವುದು? ಗೂಟ ಒಂದು ಸುತ್ತು ತಿರುಗುವುದಕ್ಕೂ ದನಿ ಎಳೆಯುವುದಕ್ಕೂ ಹೊಂದಿಕೆಯಾಗುತ್ತದೆ. ತವರುಮನೆ, ಅಣ್ಣ, ತೊಟ್ಟಿಲ ಕೂಸು, ಊರ ದೇವರು, ಎಲ್ಲವೂ ಜೋಳದ ಹಿಟ್ಟಿನೊಡನೆ ಹೊರಬಿದ್ದವು. ಹಾಡು ಕಟ್ಟಿದ ತಾಯಂದಿರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಎರಡನೆಯದು ತತ್ವಪದ. ಶಿಶುನಾಳ ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಅವರ ಪದಗಳು ಏಕತಾರಿಯ ಮೇಲೆ ಮಠ, ಗುಡಿ, ದರ್ಗಾಗಳಿಗೆಲ್ಲ ನಡೆದುಹೋದವು. ಒಂದು ಶತಮಾನದ ತರುವಾಯ ಸಿ. ಅಶ್ವತ್ಥರ ಕಂಠವೂ 1990ರ 'ಸಂತ ಶಿಶುನಾಳ ಶರೀಫ' ಚಿತ್ರವೂ ಅವನ್ನೇ ಪಟ್ಟಣದವರ ಬಾಯಿಗೆ ತಂದವು.

ಮೂರನೆಯದು ಭಾವಗೀತೆ. 1950ರಲ್ಲಿ ಧಾರವಾಡದ ಆಕಾಶವಾಣಿ ಆರಂಭವಾಯಿತು. ಪುಸ್ತಕದಲ್ಲಿದ್ದ ಕವಿತೆ ಓದು ಬಾರದವರ ಕಿವಿಗೂ ಬೀಳತೊಡಗಿತು. ಪಿ. ಕಾಳಿಂಗರಾಯರು ಜನಪದ ಮಟ್ಟುಗಳನ್ನೂ ಕವಿಗಳ ಗೀತಗಳನ್ನೂ ಒಂದೇ ವೇದಿಕೆಯ ಮೇಲೆ ಹಾಡಿದರು. ಸಿನೆಮಾ ಇದನ್ನು ಇನ್ನೂ ದೂರ ಒಯ್ದಿತು: ಬೆಳಗನ್ನು ಬಣ್ಣಿಸುವ ಬೇಂದ್ರೆಯವರ ಕವಿತೆ 1967ರ 'ಬೆಳ್ಳಿ ಮೋಡ'ದಲ್ಲಿ ಚಿತ್ರಗೀತೆಯಾಯಿತು. 'ಕಾಡು ಕುದುರೆ'ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಅದನ್ನು ಬರೆದವರು ಚಂದ್ರಶೇಖರ ಕಂಬಾರರು, ಅದರ ಬೇರು ಜಾನಪದದಲ್ಲಿ.

ಈ ಮೂರನ್ನೂ ಹೋಲಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹಾಡು ತನ್ನ ವಾಹನವನ್ನು ಬದಲಿಸಿಕೊಂಡೇ ಬದುಕುತ್ತದೆ. ಶರೀಫರ ಪದಕ್ಕೆ ಭಜನೆಯ ನಂತರ ಧ್ವನಿಮುದ್ರಿಕೆ ಸಿಕ್ಕಿತು. ಜಪಾನಿನ ಕ್ಯೂ ಸಕಾಮೊಟೊ ಎಂಬ ಗಾಯಕನ ಹಾಡೊಂದು ಧ್ವನಿಮುದ್ರಿಕೆಯ ಬೆನ್ನೇರಿ 1963ರಲ್ಲಿ, ಭಾಷೆ ತಿಳಿಯದ ಅಮೇರಿಕೆಯಲ್ಲಿಯೂ ಮೊದಲ ಸ್ಥಾನ ಪಡೆಯಿತು. ಬೀಸುವ ಪದಕ್ಕೆ ಮಾತ್ರ ಕಲ್ಲೇ ವಾಹನವಾಗಿತ್ತು. ಹಿಟ್ಟಿನ ಗಿರಣಿ ಬಂದಿತು, ಕಲ್ಲು ಮೂಲೆ ಸೇರಿತು. ಗಿರಣಿಯನ್ನು ಹಳಿಯುವುದು ಸಲ್ಲ. ಅದು ಹೆಂಗಸರ ರಟ್ಟೆಯ ನೋವನ್ನು ಕಳೆಯಿತು. ಆದರೆ ದುಡಿಮೆ ಹೋಗುವಾಗ ಹಾಡನ್ನೂ ಕರೆದುಕೊಂಡು ಹೋಯಿತು.

ಹುಲಕೋಟಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಆಯಿಗೆ ಅಕ್ಷರ ಬಾರದು. ನಾನು ತರಗತಿಯಲ್ಲಿ ಕಲಿತ ಗಣವಿಭಾಗ ಆಕೆಯ ಹಾಡಿನಲ್ಲಿ ತಪ್ಪುವುದಿಲ್ಲ. ಬರೆದುಕೊಳ್ಳಲು ಕುಳಿತಾಗ ಎರಡು ನುಡಿ ಹೇಳಿ ನಿಂತಳು. "ಕಲ್ಲ ತಿರುಗಿದ್ರ ಪದ ಬರತಾವು ತಮ್ಮಾ, ಸುಮ್ನ ಕುಂತ್ರ ಹೆಂಗ ಬರತಾವು?" ಎಂದಳು. ಮೂಲೆಯ ಕಲ್ಲನ್ನು ತೊಳೆದಿಟ್ಟು, ಒಂದು ಹಿಡಿ ಜೋಳ ಹಾಕಿದೆವು. ಅಂದು ಸಂಜೆಯೊಳಗೆ ನನ್ನ ವಹಿಯಲ್ಲಿ 34 ತ್ರಿಪದಿಗಳಾದವು.

ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅವರು ಹಳ್ಳಿಯಲ್ಲಿದ್ದುಕೊಂಡೇ ಈ ಕೆಲಸ ಮಾಡಿದರು. ನಮ್ಮ ಕಾಲೇಜಿಗೆ ಎಷ್ಟೋ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತೇವೆ. ಒಬ್ಬೊಬ್ಬರು ರಜೆಯಲ್ಲಿ ಹತ್ತು ಹಾಡು, ಹಾಡಿದವರ ಹೆಸರಿನೊಡನೆ ಬರೆದು ತಂದರೆ ಸಾಕು. ಪದವಿ ಪಡೆದ ನಾವು ಮನೆಯ ಹಿರಿಯರಿಗೆ ಸಲ್ಲಿಸಬಹುದಾದ ಗುರುದಕ್ಷಿಣೆ ಇದೆಂದು ನನ್ನ ನಂಬಿಕೆ.